ರೇಣಮ್ಮನ ಹೆಸರಿನ ಮುಂದೆ

ದೋರನಹಳ್ಳಿಯ ಕುರುಬರ ಓಣಿಯಲ್ಲಿ ಒಂದು ಬಾಗಿಲು ಮಾತ್ರ ತೆರೆಯಲಿಲ್ಲ. ಓಟಿನ ಪಟ್ಟಿ ಬರೆಯಲು ಜಗದೇವಪ್ಪ ಮಾಸ್ತರರು ಬಂದದ್ದು ಇದು ಮೂರನೇ ಸಲ. ನಾಳೆ ಪಟ್ಟಿ ಶಹಾಪುರಕ್ಕೆ ಹೋಗುತ್ತದೆ. ಇವತ್ತು ಬರೆಸದಿದ್ದರೆ ರೇಣಮ್ಮನ ಹೆಸರು ಬಿಟ್ಟುಹೋದಂತೆಯೇ.

"ಸೊಕ್ಕು ರೀ ಮಾಸ್ತರ್ರಿ," ಎಂದಳು ಪಕ್ಕದ ಮನೆಯ ಶೇಖಮ್ಮ, ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ. "ಗಂಡ ಹೋಗಿ ಮೂರು ವರ್ಷಾತು. ಹಣಿಮ್ಯಾಲಿನ ಕುಂಕುಮ ನೋಡ್ರಿ, ರೂಪಾಯಿ ಅಗಲ! ದಿನಾ ಕುಂತು ಉಣ್ಣಿ ನೂಲ್ತಾಳ, ಒಬ್ಬರಿಗೂ ಒಂದು ಎಳಿ ಮಾರಂಗಿಲ್ಲ."

"ಗಂಡನ ಹೆಸರು ಹೇಳಾಕ ಅಕಿಗೆ ನಾಚಿಕಿ ಇರಬೇಕವ್ವ," ಎಂದರು ಮಾಸ್ತರರು. " ಅದನ್ನ ನೀನೇ ಹೇಳು. ಆದ್ರ ಅಕಿ ಹೆಸರು ಬೇಕೇ ಬೇಕು. 'ಇಂಥವನ ಹೆಂಡತಿ' ಅಂತಷ್ಟೇ ಬರದ್ರ ಪಟ್ಟ್ಯಾಗ ನಿಲ್ಲಂಗಿಲ್ಲ."

"ಅಕಿ ರೇಣಮ್ಮ, ಗಂಡ ಅಮಾತೆಪ್ಪ. ಸತ್ತಾನಂತ ಬರೀರಿ."

ಬಾಗಿಲು ತೆರೆಯಿತು. ರೇಣಮ್ಮನ ಕೈಯಲ್ಲಿ ನೂಲುವ ಕದಿರು ಹಾಗೇ ಇತ್ತು.

"ಅವನ ಹೆಣಾ ನೀ ನೋಡೀದೇನು ಯಕ್ಕಾ?"

ಶೇಖಮ್ಮನ ಕೈ ಮೊರದಲ್ಲೇ ನಿಂತಿತು.

"ಜನಾ ಎಣಿಸಾಕ ಬಂದಾಂವಗೂ ನೀನೇ ಹೇಳಿದಿ. ನನ್ನ ಕೇಳಲಾರ್ದ ಗಂಡ ಸತ್ತಾಕಿ ಅಂತ ಬರಕೊಂಡು ಹೋದ. ಮತ್ತ ಅದನ್ನೇ ಬರೀತೀರಿ ಅಂತ ಬಾಗಿಲಾ ತೆಗೀಲಿಲ್ಲ ಮಾಸ್ತರ್ರಿ. ನನಗೂ ಹೆಸರು ಬೇಕು. ಅವ ಬಂದು ಕೇಳಿದ್ರ, ಈ ಮನಿ ಇನ್ನೂ ಅದ ಅಂತ ಕಾಗದದಾಗರ ಇರ್ಲಿ."

ರಜಾಕಾರರ ಗಲಾಟೆಯ ವರ್ಷ ಕುರಿ ಉಳಿಸಿಕೊಳ್ಳಲು ಅಮಾತೆಪ್ಪ ಮಂದೆ ಹೊಡೆದುಕೊಂಡು ಕೊಡೇಕಲ್ ದಾಟಿ ನಿಜಾಮನ ಗಡಿಯಾಚೆಯ ತಾಳಿಕೋಟಿ ಕಡೆ ಹೋಗಿದ್ದ. ನಿಜಾಮನ ಆಳ್ವಿಕೆ ಮುಗಿಯಿತು. ಓಡಿಹೋದವರು ಒಬ್ಬೊಬ್ಬರೇ ಮರಳಿದರು. ಅವನು ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ.

ಮಾಸ್ತರರು ಒಳಗೆ ಹೋದರು. ಹಿಂದೆಯೇ ಶೇಖಮ್ಮನೂ ಹೋದಳು. ಎರಡು ಮನೆಗೂ ಗೋಡೆ ಒಂದೇ. ಆದರೂ ಮೂರು ವರ್ಷದಲ್ಲಿ ಅವಳು ಆ ಹೊಸ್ತಿಲು ದಾಟಿರಲಿಲ್ಲ. ಒಳಗೆ ಮಗ್ಗದ ಪಕ್ಕ ನೂಲಿನ ಉಂಡೆಗಳು ಎದೆಮಟ್ಟ ಪೇರಿದ್ದವು. ಕರಿದು ಬೇರೆ, ಕಂದು ಬೇರೆ. ಮಗ್ಗದ ಮೇಲೆ ಧೂಳಿರಲಿಲ್ಲ.

"ನೂಲೋದು ನಂದು, ಕಂಬಳಿ ನೇಯೋದು ಅವಂದು," ಎಂದಳು ರೇಣಮ್ಮ. "ಇದನ್ನ ಮಾರಿದ್ರ ಅವ ಬಂದು ಏನು ನೇಯ್ಬೇಕು?"

"ನನಗ ಗೊತ್ತಿರಲಿಲ್ಲ ರೇಣಿ," ಎಂದಳು ಶೇಖಮ್ಮ.

"ನೀ ಕೇಳಲಿಲ್ಲ."

ಮಾಸ್ತರರು ಕಾಗದ ಬಿಚ್ಚಿದರು.

"ಸತ್ತಾನಂತ ಯಾರ ಹತ್ರನೂ ರುಜುವಾತು ಇಲ್ಲ. ನಾ ಹಂಗ ಬರಿಯಂಗಿಲ್ಲ."

"ಹಂಗಾದ್ರ ಅವನ ಹೆಸರೂ ಪಟ್ಟ್ಯಾಗ ಸೇರಸ್ರಿ."

"ಊರಾಗ ಇಲ್ಲದಾಂವಂದು ಸೇರ್ಸಾಕ ಬರಂಗಿಲ್ಲವ್ವ. ಬಂದ ಮ್ಯಾಲ ಸೇರಸೋಣು."

ರೇಣಮ್ಮ ಕೈಯಲ್ಲಿದ್ದ ಕದಿರನ್ನು ಮಗ್ಗದ ಮೇಲಿಟ್ಟಳು. ಆಮೇಲೆ, "ಬರೀರಿ," ಎಂದಳು.

ಬರೆದು ಮಾಸ್ತರರು ಗಟ್ಟಿಯಾಗಿ ಓದಿದರು: "ರೇಣಮ್ಮ. ಗಂಡ, ಅಮಾತೆಪ್ಪ."

ಗಂಡನ ಹೆಸರನ್ನು ಆಕೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಓಣಿಯವರು ಹೇಳಿದರೆ ಸತ್ತವನೆಂದೇ ಹೇಳುತ್ತಿದ್ದರು.

"ಇನ್ನೊಂದ್ಸಲ ಓದ್ರಿ," ಎಂದಳು.

ಮಾಸ್ತರರು ಬಾಯಿ ತೆರೆಯುವ ಮೊದಲೇ ಶೇಖಮ್ಮ ಹೇಳಿದಳು: "ರೇಣಮ್ಮ. ಗಂಡ, ಅಮಾತೆಪ್ಪ."

ಓದುವವರೇ, ಕೇಳುವವರೇ, ನಿಮ್ಮ ಓಣಿಯಲ್ಲೂ ಮುಚ್ಚಿದ ಬಾಗಿಲೊಂದು ಇದೆ. ಅದನ್ನು ಸೊಕ್ಕು ಎನ್ನುವ ಮೊದಲು ಹೋಗಿ ಕೇಳಿ. ಅಲ್ಲಿ ಕೇಳಿದ್ದನ್ನು ಕಟ್ಟೆಗೆ ತರಬೇಡಿ. ಪಟ್ಟಿ ಬರೆಯುವವರು ಬಂದರೆ ಆ ಮನೆಯವರ ಉತ್ತರವನ್ನು ನೀವು ಕೊಡಬೇಡಿ, ಅವರ ಹೊಸ್ತಿಲಿಗೆ ಕರೆದುಕೊಂಡು ಹೋಗಿ. ತಮ್ಮ ಮಾತನ್ನು ಅವರೇ ಹೇಳಲಿ.