ಬಿಚ್ಚದ ಬೆರಳು

ಕಸಾಯಿಖಾನೆಯಲ್ಲಿ ಎಲ್ಲರೂ ಅವನನ್ನು ಮೈಗಳ್ಳ ಅಂತಲೇ ಕರೆಯುತ್ತಿದ್ದರು. ಹೆಸರಿಟ್ಟವನು ಅವನಪ್ಪನೇ. ಅಪ್ಪ ಅಲ್ಲಿನ ಹಿರಿಯ ಕಟುಕ. ಕೊಕ್ಕೆಗೆ ತೂಗುವ ಹಂದಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಸೀಳು ಮಾಡುತ್ತಿದ್ದ. ಆ ಸೀಳುಗಳನ್ನು ಹೆಗಲ ಮೇಲೆ ಹೊತ್ತು ಲಾರಿಗೆ ಹಾಕುವುದು ಮಗನ ಕೆಲಸ. ಮೊದಲ ಹೊರೆಗೇ ಅವನ ತೊಡೆಗಳು ಕಲ್ಲಾಗುತ್ತಿದ್ದವು. ಗೋಡೆಗೆ ಒರಗಿ ಸುಧಾರಿಸಿಕೊಂಡರೆ ಆಮೇಲೆ ಸಂಜೆಯವರೆಗೂ ನಿಧಾನವಾಗಿ ದುಡಿಯುತ್ತಿದ್ದ. ಆದರೆ ಅಪ್ಪನ ಕಣ್ಣಿಗೆ ಬೀಳುತ್ತಿದ್ದದ್ದು ಆ ಒರಗಿದ್ದು ಮಾತ್ರ.

"ಹೊರೆ ನೋಡಿದ್ರೆ ಸಾಕು, ಎತ್ತೋ ಮೊದಲೇ ಇವನಿಗೆ ಬೆವರು ಬರುತ್ತೆ" ಎಂದು ಜೊತೆಯವರು ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಸೊಂಟದ ಬೆಲ್ಟು ಬಿಚ್ಚುತ್ತಿದ್ದ. ಚಿಕ್ಕವನಿದ್ದಾಗ ಮೆಟ್ಟಿಲು ಹತ್ತಲಾರದೆ ಕುಳಿತುಬಿಟ್ಟಿದ್ದಕ್ಕೆ ಬಿದ್ದ ಏಟಿನ ಗುರುತು ಮಗನ ಹುಬ್ಬಿನ ಮೇಲೆ ಇನ್ನೂ ಇತ್ತು.

ಆ ಬೆಳಿಗ್ಗೆ ಲಾರಿ ತಡವಾಗಿ ಬಂದಿತ್ತು. ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ. ಮಗ ನಡುದಾರಿಯಲ್ಲಿ ಹೊರೆ ಇಳಿಸಿದ.

"ಎತ್ತೋ!" ಎಂದ ಅಪ್ಪ.

"ಒಂದು ಗಳಿಗೆ ಅಪ್ಪ. ಕಾಲು ಕಟ್ಟಿಕೊಂಡಿದೆ."

"ಕಾಲು ಕಟ್ಟಿಲ್ಲ ಕಣೋ, ಕೊಬ್ಬು ಕಟ್ಟಿದೆ!"

ಬೆಲ್ಟಿನ ಬಕಲ್ಲು ಬೆನ್ನಿನ ಚರ್ಮ ಕಿತ್ತುಕೊಂಡು ಬಂತು. ಅವನು ಬಿದ್ದ. ಅಪ್ಪ ಬೂಟುಗಾಲಲ್ಲಿ ಪಕ್ಕೆಗೆ ಒದ್ದ, ಒಳಗೇನೋ ಲಟಕ್ಕೆಂದಿತು. ನಲ್ಲಿಯ ಹತ್ತಿರ ಕರುಳು ತೊಳೆಯುತ್ತಿದ್ದ ಅಮ್ಮ ಓಡಿಬಂದು ನಡುವೆ ನಿಂತಳು.

"ರೀ, ಸಾಯಿಸಿಬಿಡ್ತೀರಾ ಅವನನ್ನ?"

ಅಪ್ಪ ಮುಷ್ಟಿ ಬೀಸಿದ. ಅವಳ ತುಟಿ ಒಡೆದು ಒಂದು ಹಲ್ಲು ಉದುರಿತು. ನೆಲದ ನೆತ್ತರು ನೀರಿನಲ್ಲಿ ಅವಳು ಕುಸಿದಳು.

ಮಗ ಎದ್ದ. ಹೇಗೆ ಎದ್ದನೋ ಅವನಿಗೇ ಗೊತ್ತಿಲ್ಲ. ಎರಡೂ ಕೈಯಿಂದ ಅಪ್ಪನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಹಿಸುಕಿದ. ಅಪ್ಪ ಅವನ ಮುಖ ಪರಚಿದ, ಹೊಟ್ಟೆಗೆ ಗುದ್ದಿದ. ಮೆಲ್ಲಮೆಲ್ಲನೆ ಗುದ್ದುಗಳು ಸಡಿಲವಾದವು. ಅಪ್ಪನ ಕಣ್ಣುಗುಡ್ಡೆಗಳು ಉಬ್ಬಿ ಬಂದವು, ತುಟಿ ನೀಲಿಗಟ್ಟಿತು.

"ಬಿಡೋ, ಸತ್ತೇ ಹೋಗ್ತಾನೆ!" ಎಂದು ಜನ ಕೂಗಿದರು.

ಅಷ್ಟು ಹೊತ್ತಿಗೆ ಮಗನ ಸಿಟ್ಟು ಇಳಿದು ಹೆದರಿಕೆ ಹತ್ತಿತ್ತು. "ಬಿಡೋಕೆ ಆಗ್ತಿಲ್ಲ! ಕೈ ಬಿಚ್ಚಿಸಿ, ಯಾರಾದ್ರೂ ಬಿಚ್ಚಿಸಿ!" ಎಂದು ಕಿರುಚಿದ. ಅವನ ಮುಂಗೈ ಮರದ ಕೊರಡಿನಂತಾಗಿತ್ತು. ಮೂವರು ಎಳೆದರೂ ಬೆರಳು ಅಲುಗಲಿಲ್ಲ. ಕೊನೆಗೆ ಒಬ್ಬ ಮಚ್ಚಿನ ಹಿಡಿಯನ್ನು ಬೆರಳುಗಳ ಸಂದಿಗೆ ತೂರಿಸಿ ಮೀಟಿದ. ಎರಡು ಬೆರಳು ಮುರಿದವು. ಅಪ್ಪ ಚೀಲದಂತೆ ಜಾರಿ ಕೆಳಗೆ ಬಿದ್ದ.

ಇಬ್ಬರನ್ನೂ ಒಂದೇ ಆಸ್ಪತ್ರೆಗೆ ಒಯ್ದರು. ಅಪ್ಪ ಬದುಕಿದ, ದನಿ ಮಾತ್ರ ಗೊರಗೊರ ಎನ್ನುತ್ತಿತ್ತು. ಮಗನ ಸ್ಥಿತಿ ಅದಕ್ಕಿಂತ ಕೆಟ್ಟದಾಯಿತು. ಮೂತ್ರ ಡಿಕಾಕ್ಷನ್ನಿನಂತೆ ಕಪ್ಪಾಗಿ, ಆಮೇಲೆ ನಿಂತೇ ಹೋಯಿತು. ಡಯಾಲಿಸಿಸ್ ಯಂತ್ರ ಹಾಕಿದರು. ಸ್ನಾಯುವಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ವರದಿ ಬಂದ ದಿನ ಡಾಕ್ಟರಮ್ಮ ಅಮ್ಮನನ್ನೂ ಕಾವಲಿಗಿದ್ದ ಪೊಲೀಸಿನವನನ್ನೂ ಮಗನ ಮಂಚದ ಹತ್ತಿರ ಕರೆದರು.

"ಸ್ನಾಯುವಿನ ಪ್ರತಿ ಜೀವಕೋಶದಲ್ಲೂ ಸಕ್ಕರೆ ದಾಸ್ತಾನು ಇರುತ್ತಮ್ಮ. ಜೋರು ಕೆಲಸಕ್ಕೆ ಅದನ್ನ ಒಡೆದು ಶಕ್ತಿ ಮಾಡಿಕೊಳ್ಳಬೇಕು. ಒಡೆಯೋ ಕಿಣ್ವ ಇವನಲ್ಲಿ ಇಲ್ಲ. ಉಗ್ರಾಣ ತುಂಬಿದೆ, ಬಾಗಿಲು ತೆಗೆಯೋರಿಲ್ಲ. ಸ್ವಲ್ಪ ಸುಧಾರಿಸಿಕೊಂಡರೆ ರಕ್ತದಲ್ಲಿ ಬರೋ ಸಕ್ಕರೆ, ಕೊಬ್ಬಿನಿಂದ ನಿಧಾನದ ಕೆಲಸ ಮಾತ್ರ ನಡೆಯುತ್ತೆ."

"ಮತ್ತೆ ಕೈ ಯಾಕೆ ಬಿಗಿದುಕೊಳ್ತು?" ಎಂದ ಪೊಲೀಸಿನವನು.

"ಸ್ನಾಯು ಬಿಗಿಯೋಕೆ ಮಾತ್ರ ಅಲ್ಲ, ಸಡಿಲ ಆಗೋಕೂ ಶಕ್ತಿ ಬೇಕು. ಅದು ಸಿಗದೆ ಕೈ ಹಾಗೇ ನಿಂತುಬಿಡ್ತು. ಕೋಶಗಳು ಒಡೆದು, ಒಳಗಿದ್ದದ್ದು ರಕ್ತಕ್ಕೆ ಸೇರಿ ಮೂತ್ರಪಿಂಡ ಕಟ್ಟಿತು."

"ಯಾರ ಶಾಪ ಇದು?" ಎಂದಳು ಅಮ್ಮ.

"ಶಾಪ ಅಲ್ಲ. ಕಿಣ್ವ ಹೇಗೆ ಮಾಡಬೇಕು ಅಂತ ಜೀನು ಹೇಳಿಕೊಡುತ್ತೆ. ಅದರ ಒಂದು ಪ್ರತಿ ಅಮ್ಮನಿಂದ, ಒಂದು ಅಪ್ಪನಿಂದ ಬರುತ್ತೆ. ಒಂದು ಕೆಟ್ಟರೆ ಇನ್ನೊಂದು ಸಂಭಾಳಿಸುತ್ತೆ, ಅದಕ್ಕೇ ನೀವು, ನಿಮ್ಮ ಯಜಮಾನರು ಇಬ್ಬರೂ ಗಟ್ಟಿಯಾಗಿದ್ದೀರಿ. ಇವನಿಗೆ ಎರಡೂ ಕೆಟ್ಟವೇ ಬಂದಿವೆ."

ಪೊಲೀಸಿನವನು ಮಗನ ಕಡೆ ಬಾಗಿದ. "ನಿಜ ಹೇಳು. ಬೇಕಂತಲೇ ಹಿಸುಕಿದ್ಯಾ?"

"ಮೊದಲು ಬಿಡೋ ಮನಸ್ಸೇ ಇರಲಿಲ್ಲ. ಆಮೇಲೆ ಮನಸ್ಸು ಬಂತು, ಕೈ ಬರಲಿಲ್ಲ" ಎಂದ ಮಗ.

ಪಕ್ಕದ ವಾರ್ಡಿನಿಂದ ಅಪ್ಪ ಬಾಗಿಲಿಗೆ ಬಂದು ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. "ನನ್ನಿಂದ ಬಂತಾ? ನನ್ನ ರಕ್ತ ಕೆಟ್ಟದ್ದಾ?" ಎಂದು ಗೊರಗುಟ್ಟುತ್ತ ಒಳಗೆ ನುಗ್ಗಿ, ಮಲಗಿದ್ದ ಮಗನ ಕೆನ್ನೆಗೆ ಬಾರಿಸಿದ, ಡಯಾಲಿಸಿಸ್ ನಳಿಕೆಗೆ ಕೈ ಹಾಕಿ ಎಳೆದ. ನೆತ್ತರು ಚಿಮ್ಮಿ ಹೊದಿಕೆ ತೊಯ್ದಿತು. ಅಮ್ಮ ಕಬ್ಬಿಣದ ಸ್ಟೂಲ್ ಎತ್ತಿ ಅಪ್ಪನ ಹೆಗಲಿಗೆ ಬಡಿದಳು. ಅವನು ಬಿದ್ದ ಮೇಲೂ ಇನ್ನೊಂದು ಏಟು ಹಾಕಿದಳು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

ಡಾಕ್ಟರಮ್ಮ ನಳಿಕೆ ಒತ್ತಿ ಹಿಡಿದರು. ಪೊಲೀಸಿನವನು ಸ್ಟೂಲ್ ಕಿತ್ತುಕೊಂಡ.

"ನನ್ನ ಕೈಗೆ ಯಾವ ಕಾಯಿಲೆನೂ ಇಲ್ಲ, ಸ್ವಾಮಿ. ಬೇಕಂತಲೇ ಹೊಡೆದೆ. ಹಾಗೇ ಬರ್ಕೊಳ್ಳಿ" ಎಂದಳು ಅಮ್ಮ.

ತಾಯಿ, ಮಗ ಇಬ್ಬರ ಮೇಲೂ ಕೇಸು ನಡೆಯಿತು. ಡಾಕ್ಟರಮ್ಮ ಬಂದು ಸಾಕ್ಷಿ ಹೇಳಿದರು. ಮಗ ಕೆಲವು ತಿಂಗಳು ಜೈಲಿನಲ್ಲಿದ್ದ, ಅಮ್ಮ ಕೆಲವು ವಾರ. ಮಗನ ಮೂತ್ರಪಿಂಡಗಳು ಹೇಗೋ ಚೇತರಿಸಿಕೊಂಡವು. ಈಗ ತಾಯಿ ಮಗ ಬೇರೆ ಬಡಾವಣೆಯಲ್ಲಿ, ನೆಲಮಹಡಿಯ ಒಂದು ಕೋಣೆಯಲ್ಲಿದ್ದಾರೆ. ಅವನು ಸಿನಿಮಾ ಮಂದಿರದಲ್ಲಿ ಟಿಕೆಟ್ ಹರಿಯುತ್ತಾನೆ.

ಅಪ್ಪ ಒಮ್ಮೆ ಹುಡುಕಿಕೊಂಡು ಬಂದ. ಚಿಲಕ ತೆಗೆಯಲಿಲ್ಲವೆಂದು ಬಾಗಿಲು ಒದೆಯತೊಡಗಿದ. ಒಂದು ಹಲಗೆ ಸೀಳಿತು. ಅಮ್ಮ, ಮಗ ಇಬ್ಬರೂ ಮಂಚವನ್ನು ದೂಡಿ ಬಾಗಿಲಿಗೆ ಅಡ್ಡ ಇಟ್ಟು, ಅದರ ಮೇಲೆ ಕುಳಿತರು. ಬೀದಿಯವರು ಸೇರಿ ಅವನನ್ನು ಎಳೆದೊಯ್ಯುವವರೆಗೂ ಕುಳಿತೇ ಇದ್ದರು.