ಮನೆಗೊಂದು ಹೆಸರು

"ಆಗ ನಿಮ್ಮ ಮಗಳಿಗೆ ಎಷ್ಟು ವಯಸ್ಸಮ್ಮಾ?" ಎಂದು ವಕೀಲ ಜಮೀರ್ ಕೇಳಿದಾಗ ಪಂಕಜಾಕ್ಷಿ ಹದಿನೇಳು ಎಂದಳು. ಪೊಲೀಸರ ಹಾಳೆಯಲ್ಲಿ ಹತ್ತೊಂಬತ್ತು ಎಂದಿತ್ತು. ಹಾಗೆ ಬರೆಸಿದವಳು ಅವಳೇ.

ಪಕ್ಕದಲ್ಲಿ ಕೂತಿದ್ದ ಮಗಳು ಧನುಶ್ರೀ ತಲೆಯೆತ್ತಲಿಲ್ಲ. ಅವಳು ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಆಯ್ಕೆಯಾದಾಗ, ಕಾಫಿ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿ ಹುಟ್ಟಿದ ಹುಡುಗಿ ಯೂನಿಫಾರ್ಮ್ ಹಾಕುತ್ತಾಳೆಂದು ಹೆಗ್ಗದ್ದೆ ಊರೆಲ್ಲ ಬೀಗಿತ್ತು. ಅಷ್ಟರಲ್ಲಿ ಪೊಲೀಸ್ ಪರಿಶೀಲನೆಯಲ್ಲಿ ಅವಳ ಹೆಸರಲ್ಲಿ ಆರು ವರ್ಷದ ಹಿಂದಿನ ರಸ್ತೆ ತಡೆ ಕೇಸು ಸಿಕ್ಕಿ, ಆಯ್ಕೆ ಯಾಕೆ ರದ್ದು ಮಾಡಬಾರದೆಂದು ನೋಟಿಸು ಬಂತು. ಉತ್ತರ ಕೊಡಲು ಇನ್ನು ಎರಡೇ ದಿನ ಉಳಿದಿತ್ತು. ಇದೇನೆಂದು ಮಗಳು ಕೇಳಿದಾಗ ಪಂಕಜಾಕ್ಷಿ ಎಲ್ಲವನ್ನೂ ಹೇಳಿದ್ದಳು. ಅಂದಿನಿಂದ ಧನುಶ್ರೀ ತಾಯಿಯ ಜೊತೆ ಮಾತು ಬಿಟ್ಟಿದ್ದಳು.

ಆರು ವರ್ಷದ ಹಿಂದೆ, ಆನೆ ತುಳಿದು ಸತ್ತ ಕೂಲಿಯಾಳು ಲಕ್ಕಯ್ಯನ ಹೆಣವನ್ನು ಲೈನಿನವರು ದೋಣಿಗಲ್ ಹತ್ತಿರ ಹೆದ್ದಾರಿಯಲ್ಲಿಟ್ಟು ಕೂತಿದ್ದರು. ಊರಿನ ಯಾವ ಕೆಲಸಕ್ಕೂ ಮನೆಗೊಂದು ಹೆಸರು ಕೊಡುವುದು ಅವರ ರೂಢಿ. ಪೊಲೀಸರು ಕೇಳಿದಾಗಲೂ ಹಾಗೇ ಕೊಟ್ಟರು. ಕೇಸಾದವರಿಗೆ ತೋಟದಲ್ಲಿ ಕೆಲಸವಿಲ್ಲ ಎಂದು ಎಸ್ಟೇಟಿನ ರೈಟರ್ ಮೊದಲೇ ಹೇಳಿಬಿಟ್ಟಿದ್ದ. ಕೆಲಸ ಹೋದರೆ ಲೈನಿನ ಮನೆಯೂ ಹೋದಂತೆ. ಬೇರೆ ಮನೆಗಳಲ್ಲಿ ದುಡಿಯಲು ಇನ್ನೊಬ್ಬರಿದ್ದರು. ಗಂಡನಿಲ್ಲದ ಪಂಕಜಾಕ್ಷಿ ದಿಕ್ಕು ತೋಚದೆ, ಹಾಸನದ ಹಾಸ್ಟೆಲ್ಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದ ಮಗಳ ಹೆಸರು ಹೇಳಿದಳು. ಚಿಕ್ಕವರ ಹೆಸರು ಬರೆದುಕೊಳ್ಳುವುದಿಲ್ಲವೇನೋ ಎಂದು ವಯಸ್ಸಿಗೆ ಎರಡು ವರ್ಷ ಸೇರಿಸಿದಳು.

ಕೋರ್ಟಿನಲ್ಲಿ ಧನುಶ್ರೀ ಎಂದು ಕೂಗಿದಾಗ ಪಂಕಜಾಕ್ಷಿ ತಾನೇ ಕೈಯೆತ್ತಿದಳು. ನಲವತ್ತು ದಾಟಿದ ಈ ಹತ್ತೊಂಬತ್ತರ ಹುಡುಗಿಯನ್ನು ಮೂವತ್ತು ಜನರ ನೂಕುನುಗ್ಗಲಿನಲ್ಲಿ ಯಾರೂ ಕಣ್ಣೆತ್ತಿ ನೋಡಲಿಲ್ಲ. ಎಲ್ಲರೂ ಒಟ್ಟಿಗೆ ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ಮನೆಗೆ ಓಡಿದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡಿದ್ದಳು. ದೊಣ್ಣೆ ಮಗಳ ಕಡೆಗೆ ಹೋಗಿತ್ತು.

ದಂಡ ಕಟ್ಟಿದರೂ ಅದು ಶಿಕ್ಷೆಯೇ, ದೊಡ್ಡವರದ್ದಾದರೆ ದಾಖಲೆ ಉಳಿಯುತ್ತದೆ ಎಂದ ಜಮೀರ್. ಹದಿನೆಂಟು ತುಂಬದವರದ್ದನ್ನು ಅಳಿಸಬೇಕೆಂದು ಕಾನೂನೇ ಹೇಳುತ್ತದಂತೆ. ಹುಟ್ಟಿದ ದಿನಾಂಕವಿರುವ ಮಾರ್ಕ್ಸ್ ಕಾರ್ಡ್ ಇಟ್ಟು ಇವತ್ತೇ ಅರ್ಜಿ ಹಾಕಿ, ಅದರ ನಕಲನ್ನು ಉತ್ತರದ ಜೊತೆ ಕಳಿಸೋಣ ಎಂದು ಧೈರ್ಯ ಹೇಳಿದ. ಆಮೇಲೆ ಧನುಶ್ರೀಯ ಕಡೆ ತಿರುಗಿ, "ಆವತ್ತು ರಸ್ತೇಲಿ ಕೂತಿದ್ದು ನೀನೇ ತಾನೇ?" ಎಂದು ಕೇಳಿದ.

ಕೋರ್ಟಿಗೆ ಮೋಸ ಮಾಡಿದವರನ್ನು ಒಳಗೆ ಹಾಕುತ್ತಾರೆಂದು ಪಂಕಜಾಕ್ಷಿಗೆ ಗೊತ್ತಿತ್ತು. ಹಾಕಲಿ, ಮಗಳ ಬಾಯಲ್ಲಿ ಇನ್ನೊಂದು ಸುಳ್ಳು ಬೇಡ ಅನ್ನಿಸಿತು.

"ಸಾರ್, ಆವತ್ತು..." ಎಂದು ಶುರುಮಾಡಿದಳು.

"ನಾನೇ ಸಾರ್," ಎಂದಳು ಧನುಶ್ರೀ. "ಎಲ್ಲಿ ಸೈನ್ ಮಾಡ್ಬೇಕು?"

ಊರಿಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಹಾಸ್ಟೆಲ್ಲಿನ ಆ ದಿನದ ಹಾಜರಿ ಪುಸ್ತಕವನ್ನು ಯಾರಾದರೂ ತೆಗೆದು ನೋಡಿದರೆ ಎಂಬ ಭಯ ಪಂಕಜಾಕ್ಷಿಯನ್ನು ಬಿಡಲಿಲ್ಲ. ಮಗಳ ಮುಖ ನೋಡುವ ಧೈರ್ಯವೂ ಬರಲಿಲ್ಲ. ದೋಣಿಗಲ್ ಹತ್ತಿರ ಬಂದಾಗ ಧನುಶ್ರೀಯೇ ಮಾತಾಡಿದಳು.

"ಅವ್ವ, ಎಲ್ಲಿ ಕೂತಿದ್ದೆ ಆವತ್ತು? ಯಾರಾದ್ರೂ ಕೇಳಿದ್ರೆ ನಾನ್ ಹೇಳ್ಬೇಕಲ್ಲ."

ಪಂಕಜಾಕ್ಷಿ ಕಿಟಕಿಯತ್ತ ಬೆರಳು ಮಾಡಿದಳು. "ಅಗೋ, ಆ ಮೋರಿ ತಾವ ಕಣವ್ವ. ಹೆಣದ ಕಾಲ್ದೆಸೇಲಿ."

ಧನುಶ್ರೀ ತಾಯಿಯ ತೊಡೆಯ ಮೇಲೆ ಕೈಯೂರಿ ಬಾಗಿ, ತಿರುವಿನಲ್ಲಿ ಮೋರಿ ಮರೆಯಾಗುವವರೆಗೂ ನೋಡಿದಳು.

"ಬಿಸ್ಲಿತ್ತಾ?" ಎಂದು ಕೇಳಿದಳು.