ಗೋಡೆಯಾಚೆಯ ಪ್ರಾಜೆಕ್ಟು

"ಯಾವ ದರಿದ್ರ ಮುಂಡೇವು ಇದನ್ನ ಗುಡಿಸಿದ್ದು?"

ಮೂಗಿಗೆ ಒತ್ತಿಕೊಳ್ಳಲೆಂದು ದೊಡ್ಡ ಮೇಡಂ ತಂದಿದ್ದ ಸೆಂಟಿನ ಕರ್ಚೀಫು ಕೈಯಲ್ಲೇ ಉಳಿದಿತ್ತು. ಒತ್ತಿಕೊಳ್ಳಲು ನಾತವೇ ಇರಲಿಲ್ಲ. ಶಾಲೆಯ ಹಿಂದಿನ ಓಣಿ ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಮೇಡಂ ಬೆನ್ನಿಗೆ ಏಳನೇ ಕ್ಲಾಸಿನ ಮಕ್ಕಳು ಮಾಸ್ಕು, ಗ್ಲೌಸು ತೊಟ್ಟು ಪಿಳಿಪಿಳಿ ಕಣ್ಣು ಬಿಡುತ್ತಾ ನಿಂತಿದ್ದವು.

ಆಯಾ ಮುಂದೆ ಬಂದಳು. ಶಾಲೆಯ ಕಕ್ಕಸು ತೊಳೆದು ಅಂಗಳ ಗುಡಿಸುವವಳು ಅವಳೇ; ಮನೆ ಇದೇ ಓಣಿಯಲ್ಲಿ. ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಗೆ ಮುಖ ಇಷ್ಟಗಲವಾಗಿತ್ತು.

"ನಾವೇ ಮೇಡಂ. ನೀವೆಲ್ಲ ಬರ್ತೀರ ಅಂತ ಮಗಳು ಹೇಳಿದ್ಲು. ನಾಲ್ಕು ಜನ ಬರೋವಾಗ ಕಸ ಹಾಗೇ ಬಿಡಕ್ಕಾಗುತ್ತಾ? ಭಾನುವಾರ ಓಣಿಯೋರೆಲ್ಲ ಸೇರ್ಕೊಂಡು..."

"ನಿನ್ನ ತಲೆ! ನಾಳೆ ತೀರ್ಪುಗಾರರು ಬರ್ತಾರೆ, ಟೀವಿಯೋರು ಬರ್ತಾರೆ. ಮಕ್ಕಳು ಏನನ್ನ ಕ್ಲೀನ್ ಮಾಡ್ಬೇಕು? ನಿನ್ನ ಮುಖಾನಾ?"

ಮಕ್ಕಳು ಕಿಸಕ್ಕನೆ ನಕ್ಕವು. ಅವರ ನಡುವೆ ಅದೇ ಯೂನಿಫಾರ್ಮಿನಲ್ಲಿ ನಿಂತಿದ್ದ ಆಯಾಳ ಮಗಳು ಮಾತ್ರ ನಗಲಿಲ್ಲ.

ಪಾಪ, ಮೇಡಂ ಸಂಕಟವೂ ನ್ಯಾಯವಾದದ್ದೇ. ಊರಿನ ಒಂದು ಸಮಸ್ಯೆಯನ್ನು ಮಕ್ಕಳೇ ಹುಡುಕಿ ಮಕ್ಕಳೇ ಬಗೆಹರಿಸಬೇಕೆಂಬ ಸ್ಪರ್ಧೆಯ ಪ್ರಾಜೆಕ್ಟು ಅದು. ಹುಡುಕಲು ದೂರವೇನೂ ಹೋಗಬೇಕಿರಲಿಲ್ಲ. ಶಾಲೆಯೇ ವರ್ಷಗಟ್ಟಲೆ ಸಾಕಿ ಬೆಳೆಸಿದ ಸಮಸ್ಯೆ ಗೋಡೆಯಾಚೆಗೇ ಇತ್ತು. ಊಟದ ಕೋಣೆಯ ಎಂಜಲು, ಸಮಾರಂಭಗಳ ತಟ್ಟೆ ಲೋಟ, ಹೋದ ವರ್ಷ ಮೊದಲ ಬಹುಮಾನ ಹೊಡೆದ 'ಪ್ಲಾಸ್ಟಿಕ್ ಇಲ್ಲದ ಭೂಮಿ' ಎಂಬ ಥರ್ಮಾಕೋಲಿನ ಭೂಮಿ, ಎಲ್ಲವೂ ಗೋಡೆ ಹಾರಿ ಓಣಿಗೆ ಬೀಳುತ್ತಿದ್ದವು. ಹಾರಿಸುತ್ತಿದ್ದವಳೂ ಆಯಾಳೇ. ಮೇಡಂ ಹೇಳಿದಂತೆ ಹಗಲು ತಾನೇ ಎಸೆದದ್ದನ್ನು ಸಂಜೆ ಮೂಗು ಮುಚ್ಚಿಕೊಂಡು ದಾಟಿ ಮನೆ ಸೇರುತ್ತಿದ್ದಳು. ಶಾಲೆಯಲ್ಲಿ ಮಗಳಿಗೆ ಬಿಟ್ಟಿ ಸೀಟು ಕೊಟ್ಟಿದ್ದರು. ಅವಳ ಓದಿಗಾಗಿ ಆಯಾ ಏನನ್ನು ಬೇಕಾದರೂ ಎಸೆಯುತ್ತಿದ್ದಳು.

ಮಧ್ಯಾಹ್ನ ಆಫೀಸ್ ರೂಮಿಗೆ ಕರೆ ಬಂತು. ತಾಯಿ ಮಗಳು ಬಾಗಿಲಲ್ಲೇ ನಿಂತರು. ಒಳಗಿನ ಕಾರ್ಪೆಟ್ಟನ್ನು ಬೆಳಿಗ್ಗೆ ಗುಡಿಸಲು ಆಯಾ ಬೇಕು, ಆಮೇಲೆ ಅದರ ಮೇಲೆ ಅವಳ ಕಾಲು ಬೇಡ.

"ಎಲ್ಲಿ ಹಾಕಿದೀರಾ ಕಸಾನ?"

"ಚೀಲ ತುಂಬಿ ತಳ್ಳೋಗಾಡಿಗಳಲ್ಲಿ ಇಟ್ಟಿದೀವಿ ಮೇಡಂ. ಕಸದ ಲಾರಿಯೋರು, ಇದು ಸ್ಕೂಲಿಂದು, ನಾವು ಮುಟ್ಟಲ್ಲ ಅಂದ್ಬಿಟ್ರು."

"ಸದ್ಯ, ದೇವರು ದೊಡ್ಡೋನು! ನಾಳೆ ಬೆಳಿಗ್ಗೆ ಅಷ್ಟನ್ನೂ ಓಣೀಲಿ ವಾಪಸ್ ಸುರೀರಿ."

"ಚೆನ್ನಾಗಿ ಹರಡಿ," ಎಂದರು ಪಕ್ಕದಲ್ಲಿದ್ದ ಪ್ರಾಜೆಕ್ಟ್ ಸರ್, ಗಾಳಿಯಲ್ಲಿ ಚಿತ್ರ ಬರೆಯುವವರಂತೆ ಕೈಯಾಡಿಸುತ್ತಾ. "ಒಂದು ಸತ್ತ ಇಲಿ ಸಿಕ್ಕಿದ್ರೆ ಕ್ಯಾಮೆರಾಗೆ ಇನ್ನೂ ಚೆನ್ನಾಗಿರುತ್ತೆ."

ಮೇಡಂ ಮಗಳ ಕಡೆ ತಿರುಗಿದರು. "ನಾಳೆ ನೀನು ಯೂನಿಫಾರ್ಮ್ ಹಾಕ್ಬೇಡ. ಮನೇಲಿ ಹರಿದಿದ್ದು ಏನಾದ್ರೂ ಇರುತ್ತಲ್ಲ, ಹಾಕ್ಕೊಂಡು ಕಸದ ಪಕ್ಕ ನಿಂತ್ಕೋ. ಉಳಿದೋರು ನಿನ್ನ ಕೈ ತೊಳೆಸ್ತಾರೆ."

"ನಾನೂ ಟೀಮಲ್ಲಿ ಇದೀನಿ ಮೇಡಂ."

"ಇದೀಯಲ್ಲ! ಎಲ್ರಿಗಿಂತ ದೊಡ್ಡ ಪಾರ್ಟು ನಿಂದೇ." ಮೇಡಂ ನಕ್ಕರು. ಆಮೇಲೆ ನಗು ಒರೆಸಿಕೊಂಡು ಕೇಳಿದರು, "ಮುಂದಿನ ವರ್ಷಾನೂ ಸೀಟು ಬೇಕು ತಾನೆ?"

ಸಂಜೆ ಒಂಟಿ ಕೋಣೆಯ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ತಳ್ಳುಗಾಡಿಯಲ್ಲಿ ಸಾಮಾನು ಸಾಗಿಸುವ ಗಂಡ ತಟ್ಟೆ ಪಕ್ಕಕ್ಕೆ ಸರಿಸಿ, "ಸುರಿದುಬಿಡೋಣ ಕಣೇ. ಒಂದು ದಿನ ತಾನೆ. ಕೂಸಿನ ಓದು ದೊಡ್ಡದು," ಎಂದ.

ಹೊಸ್ತಿಲಲ್ಲಿ ಕೂತಿದ್ದ ಪಕ್ಕದ ಮನೆಯ ಅಜ್ಜಿಗೆ ರೇಗಿತು. "ಸೊಂಟ ಮುರ್ಕೊಂಡು ಬಾಚಿದೀನಿ ಕಣೋ ನಾನು! ಸುರಿಯೋದಾದ್ರೆ ಆ ಬೇವರ್ಸಿಗಳ ತಲೆ ಮೇಲೆ ಸುರಿ."

"ಅಮ್ಮಾ, ನಾನು ಸರ್‌ಗೆ ಹೇಳಿದ್ದೆ," ಎಂದಳು ಮಗಳು. "ಗೋಡೆ ಮೇಲಿಂದ ಎಸೆಯೋದು ನಿಲ್ಲಿಸಿದ್ರೆ ಸಮಸ್ಯೆನೇ ಇರಲ್ಲ ಅಂತ."

"ಏನಂದ್ರು?"

"ಹಾಗಾದ್ರೆ ಪ್ರಾಜೆಕ್ಟಿಗೆ ಏನು ಮಾಡೋದು ಅಂದ್ರು." ಮತ್ತೆ ಕೇಳಿದಳು, "ಅಮ್ಮಾ, ಟೀಮಲ್ಲಿ ನಾನು ಸಮಸ್ಯೆನಾ, ಪರಿಹಾರನಾ?"

ಯಾರು ಏನು ಬೈದರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ ಆಯಾಳಿಗೆ ಈ ಮಾತು ಮುಳ್ಳಿನಂತೆ ಚುಚ್ಚಿಕೊಂಡಿತು. ಸೀಟು ಹೋದರೆ ಮಗಳ ಕೈಗೂ ಪೊರಕೆ ಬಂದೀತೆಂಬ ಭಯ ಇದ್ದೇ ಇತ್ತು. ಆದರೆ ಸೀಟಿಗಾಗಿ ಹರಿದ ಬಟ್ಟೆ ತೊಟ್ಟು ಕಸದ ಪಕ್ಕ ನಿಲ್ಲುವುದನ್ನೇ ಕಲಿಯುವುದಾದರೆ, ಅದಕ್ಕೆ ಶಾಲೆ ಯಾಕೆ? ಅಷ್ಟನ್ನು ಓಣಿಯೇ ಕಲಿಸುತ್ತಿತ್ತು.

"ಯೂನಿಫಾರ್ಮ್ ಮಡಚಿ ದಿಂಬಿನಡಿ ಇಡು, ಮಡಿಕೆ ಕೂರಲಿ," ಎಂದಳು ಮಗಳಿಗೆ. ಗಂಡನಿಗೆ, "ನಾಳೆ ಗಾಡಿ ಗೇಟಿನ ಕಡೆ ತಿರುಗಿಸು. ಗೇಟು ನಾನು ತೆಗೀತೀನಿ."

ಬೆಳಿಗ್ಗೆ ಅಂಗಳದಲ್ಲಿ ವೇದಿಕೆ, ಅದರ ಮುಂದೆ ಕೆಂಪು ಹಾಸು. ತೀರ್ಪುಗಾರರು ಆಗಷ್ಟೇ ಕುರ್ಚಿಗಳಿಗೆ ಹೊಂದಿಕೊಳ್ಳುತ್ತಿದ್ದರು. ಗೇಟಿನಿಂದ ಗಾಡಿಗಳು ಗಡಗಡ ಒಳಬಂದವು. ಓಣಿಯ ಗಂಡಸರು ತಳ್ಳುತ್ತಿದ್ದರು, ಅಜ್ಜಿ ಹಿಂದಿನಿಂದ ಬೈಗುಳದಲ್ಲೇ ತಳ್ಳುತ್ತಿದ್ದಳು. ಯಾರಿಗಾದರೂ ಬಾಯಿ ಬರುವ ಮೊದಲೇ ಚೀಲಗಳು ಕೆಂಪು ಹಾಸಿನ ಮೇಲೆ ಬೋರಲಾದವು. ಎಂಜಲಿನ ಜೊತೆ ಥರ್ಮಾಕೋಲಿನ ಭೂಮಿಯೂ ಉರುಳಿ ಮುಖ್ಯ ತೀರ್ಪುಗಾರರ ಬೂಟಿಗೆ ಬಡಿದು ನಿಂತಿತು. ಕ್ಯಾಮೆರಾದವನು ಬಿಡದೆ ಹಿಡಿದುಕೊಂಡ.

"ಏಯ್! ಎತ್ತೇ ಇದನ್ನ!" ಮೇಡಂ ಕಿರುಚಿದರು.

ಆಯಾ ವೇದಿಕೆಯ ಮೆಟ್ಟಿಲ ಮೇಲೆ ಆರಾಮಾಗಿ ಕೂತಳು. "ಪ್ರಾಜೆಕ್ಟು ಮಕ್ಕಳದ್ದಲ್ವಾ ಮೇಡಂ? ನಾನು ಎತ್ತಿದ್ರೆ ಮಾರ್ಕ್ಸ್ ಕೊಡ್ತಾರಾ?"

ಮಕ್ಕಳಿಗೆ ಇದ್ಯಾವುದೂ ಅರ್ಥವಾಗಲಿಲ್ಲ. ವಾರದಿಂದ ತಾಲೀಮು ಮಾಡಿದ್ದವು. ಕಸ ಕಂಡ ಕೂಡಲೇ ಹುರುಪಿನಿಂದ ಬಾಚಿ, ಚೀಲ ತುಂಬಿ, ಎಂದಿನಿಂದಲೂ ಕಸ ಹೋಗುವುದನ್ನು ನೋಡಿದ್ದ ಕಡೆಗೇ ಹೊತ್ತು ನಡೆದವು. ಹಿಂದಿನ ಗೋಡೆಯ ಬಳಿ ಆಯಾಳ ಮಗಳು ನಿಂತಿದ್ದಳು. ಮೈಮೇಲೆ ಯೂನಿಫಾರ್ಮು, ಗೋಡೆಗೆ ಒತ್ತಿದ ಬೆನ್ನು, ಎರಡೂ ಕಡೆ ಚಾಚಿದ ತೋಳು.

"ಇಲ್ಲಿ ಹಾಕಂಗಿಲ್ಲ."

"ಪಕ್ಕಕ್ಕೆ ಸರ್ಕೊಳ್ಳೇ!" ಪ್ರಾಜೆಕ್ಟ್ ಸರ್ ಓಡಿಬಂದು ಅಬ್ಬರಿಸಿದರು. "ಸೀಟು ಹೋಗುತ್ತೆ ಕಣೇ!"

ಚೀಲ ಹೊತ್ತ ಮಕ್ಕಳು ಸರ್ ಮುಖ ನೋಡಿದವು, ಅವಳ ಮುಖ ನೋಡಿದವು. ಚೀಲಗಳಿಂದ ಎಂಜಲ ನೀರು ಸೋರಿ ಅವರ ಬಿಳಿ ಶೂಗಳ ಮೇಲೆ ಇಳಿಯತೊಡಗಿತು. ಅವಳು ತೋಳು ಇಳಿಸಲಿಲ್ಲ.